ಮಸುಕು ಚಿತ್ರವನ್ನು ಎಷ್ಟರ ಮಟ್ಟಿಗೆ ತಿಳಿಗೊಳಿಸಬಹುದು? ಗುರುಗ್ರಹದಿಂದ ಸಿಸಿಟಿವಿವರೆಗೆ

ಚಳಿಗಾಲದ ಒಂದು ರಾತ್ರಿ ಕಡೂರಿನ ಶಾಲಾ ಮೈದಾನದಲ್ಲಿ ಮಕ್ಕಳಿಗೆ ಗುರುಗ್ರಹ ತೋರಿಸಿ, ಕೊನೆಯಲ್ಲಿ ಅದೇ ಟೆಲಿಸ್ಕೋಪಿಗೆ ಸಣ್ಣ ಕ್ಯಾಮೆರಾ ಸಿಕ್ಕಿಸಿ ಮೂರು ನಿಮಿಷದ ವಿಡಿಯೊ ತೆಗೆದಿದ್ದೆ. ಮಾರನೇ ದಿನ ಎರಡು ಚಿತ್ರ ಪಕ್ಕಪಕ್ಕ ಇಟ್ಟು ವಾಟ್ಸಾಪ್ ಗುಂಪಿಗೆ ಹಾಕಿದೆ. ಎಡಗಡೆಯದು ವಿಡಿಯೊದ ಒಂದೇ ಒಂದು ಫ್ರೇಮ್. ಕರಗುತ್ತಿರುವ ಬೆಣ್ಣೆ ಉಂಡೆಯ ಹಾಗಿತ್ತು. ಬಲಗಡೆಯದು ಅದೇ ವಿಡಿಯೊವನ್ನು ಲ್ಯಾಪ್‌ಟಾಪಿನಲ್ಲಿ ಸಂಸ್ಕರಿಸಿದ್ದು. ಕಂದು ಪಟ್ಟೆಗಳು, ಅವುಗಳ ಅಂಚಿನ ಏರಿಳಿತ, ಒಂದು ಉಪಗ್ರಹದ ನೆರಳು ಎಲ್ಲವೂ ಕಾಣುತ್ತಿತ್ತು.

ಎರಡು ದಿನ ಬಿಟ್ಟು ತರೀಕೆರೆ ಕಡೆಯ ಪರಿಚಯದ ಅಡಿಕೆ ಬೆಳೆಗಾರರೊಬ್ಬರು ಫೋನ್ ಮಾಡಿದರು. ಅವರ ಅಂಗಳದಿಂದ ಒಣಗಿದ ಅಡಿಕೆಯ ಚೀಲಗಳು ಕಳುವಾಗಿದ್ದವು. ಸಿಸಿಟಿವಿಯಲ್ಲಿ ಒಬ್ಬನ ಮುಖ ಬಿದ್ದಿತ್ತು, ಆದರೆ ಗುರುತು ಹತ್ತುತ್ತಿರಲಿಲ್ಲ. "ಸಾರ್, ಅಷ್ಟು ದೂರದ ಗುರುಗ್ರಹನೇ ಕ್ಲಿಯರ್ ಮಾಡಿದೀರಿ. ಇದು ನಮ್ಮ ಅಂಗಳದ್ದು, ಮೂವತ್ತು ಅಡಿ ದೂರ ಅಷ್ಟೇ. ಈ ಮುಖ ಒಂದು ಮಾಡಿಕೊಡಿ. ನಮಗೆ ಒಬ್ಬನ ಮೇಲೆ ಅನುಮಾನ ಇದೆ, ಗ್ಯಾರಂಟಿ ಆದ್ರೆ ಸಾಕು" ಅಂದರು.

ಅವರ ಪ್ರಶ್ನೆ ನ್ಯಾಯವಾದದ್ದೇ. ಕೋಟಿಗಟ್ಟಲೆ ಕಿಲೋಮೀಟರ್ ಆಚೆಯ ಗ್ರಹದ ಮಸುಕು ತೆಗೆಯೋಕೆ ಆಗುತ್ತೆ, ಮೂವತ್ತು ಅಡಿ ದೂರದ ಮುಖದ ಮಸುಕು ತೆಗೆಯೋಕೆ ಯಾಕೆ ಆಗಲ್ಲ? ಈ ಲೇಖನ ಆ ಪ್ರಶ್ನೆಗೆ ಉತ್ತರ. ಖಗೋಳದ ಮಸುಕು ಚಿತ್ರಗಳನ್ನು ಕಂಪ್ಯೂಟರ್ ಹೇಗೆ ತಿಳಿಗೊಳಿಸುತ್ತದೆ, ಅದರಲ್ಲಿ ಬೆಂಗಳೂರಿನ ವಿಜ್ಞಾನಿಗಳ ಪಾಲೇನು, ಮತ್ತು "ಇದ್ದದ್ದನ್ನು ಹೊರತೆಗೆಯುವುದು" ಎಲ್ಲಿ ಮುಗಿದು "ಇಲ್ಲದ್ದನ್ನು ಬರೆಯುವುದು" ಎಲ್ಲಿ ಶುರುವಾಗುತ್ತದೆ ಅನ್ನುವುದು ಇದರ ವಿಷಯ.

ಮಸುಕು ಎಲ್ಲಿಂದ ಬರುತ್ತದೆ

ಮೊದಲು ಅಳತೆ. ಆಕಾಶದಲ್ಲಿ ಸಣ್ಣ ಕೋನಗಳನ್ನು ಆರ್ಕ್ ಸೆಕೆಂಡ್‌ನಲ್ಲಿ ಹೇಳುತ್ತಾರೆ. ಒಂದು ಡಿಗ್ರಿಯ 3,600ನೇ ಭಾಗ ಒಂದು ಆರ್ಕ್ ಸೆಕೆಂಡ್. ಒಂದು ರೂಪಾಯಿ ನಾಣ್ಯ ಹಿಡಿದುಕೊಂಡು ಕಡೂರಿನಿಂದ ಬೀರೂರಿನ ಕಡೆ ನಾಲ್ಕೂವರೆ ಕಿಲೋಮೀಟರ್ ಹೋಗಿ ನಿಂತರೆ, ಕಡೂರಿನಿಂದ ಆ ನಾಣ್ಯ ಕಾಣುವ ಅಗಲ ಸುಮಾರು ಒಂದು ಆರ್ಕ್ ಸೆಕೆಂಡ್. ಗುರುಗ್ರಹ ನಮಗೆ ಹತ್ತಿರ ಬಂದಾಗ ಅದರ ಅಗಲ ಸುಮಾರು 45 ಆರ್ಕ್ ಸೆಕೆಂಡ್.

ಮಸುಕಿಗೆ ಮೂರು ಮುಖ್ಯ ಕಾರಣ. ಒಂದನೆಯದು ಬೆಳಕಿನ ಸ್ವಭಾವ. ಬೆಳಕು ಅಲೆಯಾದ್ದರಿಂದ ಯಾವ ಕನ್ನಡಿಯೂ ಚುಕ್ಕಿಯನ್ನು ಚುಕ್ಕಿಯಾಗಿಯೇ ಮೂಡಿಸಲಾರದು, ಸ್ವಲ್ಪ ಹರಡಿಯೇ ಹರಡುತ್ತದೆ. ಕನ್ನಡಿ ದೊಡ್ಡದಾದಷ್ಟೂ ಹರಡುವುದು ಕಡಿಮೆ. ನನ್ನ ಆರು ಇಂಚಿನ ಟೆಲಿಸ್ಕೋಪಿಗೆ ಈ ಮಿತಿ ಸುಮಾರು 0.8 ಆರ್ಕ್ ಸೆಕೆಂಡ್. ಅಲೆ ಉದ್ದವಾದಷ್ಟೂ ಹರಡುವುದು ಹೆಚ್ಚು. ಗೌರಿಬಿದನೂರಿನ ರೇಡಿಯೊ ದೂರದರ್ಶಕ ಸುಮಾರು 8.7 ಮೀಟರ್ ಉದ್ದದ ಅಲೆಗಳನ್ನು ಹಿಡಿಯುತ್ತಿತ್ತು. ಅದರ ಒಂದು ತೋಳೇ 1.4 ಕಿಲೋಮೀಟರ್ ಇದ್ದರೂ, ಹುಣ್ಣಿಮೆ ಚಂದ್ರನಷ್ಟು ಅಗಲದ ಜಾಗ ಅದಕ್ಕೆ ಹೆಚ್ಚುಕಡಿಮೆ ಒಂದೇ ಚುಕ್ಕಿ. ಕೆ.ಎಸ್. ದ್ವಾರಕಾನಾಥ್ ಮತ್ತು ಎನ್. ಉದಯಶಂಕರ್ ಅದರಿಂದಲೇ 34.5 ಮೆಗಾಹರ್ಟ್ಸ್‌ನ ಆಕಾಶ ನಕಾಶೆ ತಯಾರಿಸಿ 1990ರಲ್ಲಿ ಪ್ರಕಟಿಸಿದರು.

ಎರಡನೆಯದು ಗಾಳಿ. ಬೇಸಿಗೆಯ ಮಧ್ಯಾಹ್ನ ಡಾಂಬರು ರಸ್ತೆಯ ಮೇಲೆ ದೂರದ ಲಾರಿ ನಡುಗಿದ ಹಾಗೆ ಕಾಣುತ್ತದಲ್ಲ, ಅದೇ ನಡುಕ ರಾತ್ರಿಯ ಆಕಾಶದಲ್ಲೂ ಇದೆ. ನಕ್ಷತ್ರ ಮಿನುಗುವುದು ಅಂದರೆ ಇದೇ. ಕಡೂರು ಪೇಟೆಯಲ್ಲಿ ತಾರಸಿಗಳು, ರಸ್ತೆಗಳು ಹಗಲು ಕುಡಿದ ಬಿಸಿಯನ್ನು ರಾತ್ರಿ ಹತ್ತರವರೆಗೂ ಬಿಡುತ್ತಿರುತ್ತವೆ. ಅಲ್ಲಿಯವರೆಗೆ ಗುರುಗ್ರಹ ಕುದಿಯುವ ನೀರೊಳಗಿನ ಗೋಲಿಯಂತೆ ಕಾಣುತ್ತದೆ. ತರೀಕೆರೆಯಲ್ಲಿ ಪಶ್ಚಿಮಕ್ಕೆ ಬೆಟ್ಟದ ಸಾಲು, ಪಕ್ಕದಲ್ಲಿ ತೋಟ, ಕೆರೆ. ಅಲ್ಲಿ ನನ್ನ ತೊಂದರೆ ನಡುಕಕ್ಕಿಂತ ಲೆನ್ಸಿನ ಮೇಲೆ ಕೂರುವ ಇಬ್ಬನಿ. ಅಮೃತಮಹಲ್ ದನಗಳ ತಳಿ ಕೇಂದ್ರವಿರುವ ಅಜ್ಜಂಪುರದ ಹೊರಗಿನ ಬಯಲಿನಲ್ಲಿ, ಗಾಳಿ ಬೀಸದ ರಾತ್ರಿ ಹನ್ನೆರಡು ದಾಟಿದ ಮೇಲೆ ನನಗೆ ಅತಿ ಸ್ಥಿರವಾದ ಚಿತ್ರಗಳು ಸಿಕ್ಕಿವೆ. ಮೂರೂ ಊರು ರೈಲಿನಲ್ಲಿ ಒಂದೆರಡು ಗಂಟೆಯ ಒಳಗಿನವು. ಟೆಲಿಸ್ಕೋಪ್ ಅದೇ, ಗ್ರಹ ಅದೇ, ಚಿತ್ರ ಮಾತ್ರ ಬೇರೆ ಬೇರೆ.

ಮೂರನೆಯದು ಉಪಕರಣದ ದೋಷ ಮತ್ತು ಅಲುಗಾಟ. ಸ್ಟ್ಯಾಂಡ್ ನಡುಗಿದರೆ, ಫೋಕಸ್ ತಪ್ಪಿದರೆ, ಕನ್ನಡಿಯ ಆಕಾರವೇ ತಪ್ಪಿದ್ದರೆ ಬರುವ ಮಸುಕು.

ಮೊದಲ ಹೆಜ್ಜೆ: ಆರಿಸುವುದು, ಪೇರಿಸುವುದು

ಗಾಳಿ ಸದಾ ನಡುಗುತ್ತಿದ್ದರೂ ಸೆಕೆಂಡಿನ ಸಣ್ಣ ಪಾಲಿನಲ್ಲಿ ಒಮ್ಮೊಮ್ಮೆ ತಟಸ್ಥವಾಗುತ್ತದೆ. ಹಾಗಾಗಿ ಒಂದು ದೀರ್ಘ ಫೋಟೊ ತೆಗೆಯುವ ಬದಲು ಸಾವಿರಾರು ಚಿಕ್ಕ ಫ್ರೇಮ್‌ಗಳ ವಿಡಿಯೊ ತೆಗೆದು, ಅದರಲ್ಲಿ ಚೆನ್ನಾಗಿರುವುದನ್ನು ಮಾತ್ರ ಆರಿಸುತ್ತೇವೆ. ಅಮೆರಿಕದ ಡೇವಿಡ್ ಫ್ರೈಡ್ 1978ರಲ್ಲಿ ಇದರ ಸಂಭವನೀಯತೆ ಲೆಕ್ಕ ಹಾಕಿದರು. ಗಾಳಿಯಲ್ಲಿ ನಡುಕವಿಲ್ಲದ ತುಂಡಿನ ಅಗಲಕ್ಕೆ ಹೋಲಿಸಿದರೆ ಕನ್ನಡಿ 7 ಪಟ್ಟು ದೊಡ್ಡದಿದ್ದಾಗ ಸುಮಾರು 400ಕ್ಕೆ ಒಂದು ಫ್ರೇಮ್ ಸ್ಪಷ್ಟ ಸಿಗುತ್ತದೆ. 10 ಪಟ್ಟು ದೊಡ್ಡದಿದ್ದರೆ 10 ಲಕ್ಷಕ್ಕೆ ಒಂದು. ಸಣ್ಣ ಟೆಲಿಸ್ಕೋಪಿನವರಿಗೆ ಅದೃಷ್ಟ ಹೆಚ್ಚು ಅನ್ನುವುದು ಬರೀ ಸಮಾಧಾನದ ಮಾತಲ್ಲ.

ನನ್ನ ಗುರುಗ್ರಹದ ಲೆಕ್ಕ ಹೀಗಿತ್ತು. ಸೆಕೆಂಡಿಗೆ 60 ಫ್ರೇಮ್‌ನಂತೆ ಮೂರು ನಿಮಿಷಕ್ಕೆ 10,800 ಫ್ರೇಮ್. ಅದರಲ್ಲಿ ಉತ್ತಮವಾದ ಶೇ. 20, ಅಂದರೆ 2,160 ಆರಿಸಿ, ಒಂದರ ಮೇಲೊಂದು ಸರಿಯಾಗಿ ಕೂರಿಸಿ ಸರಾಸರಿ ತೆಗೆದೆ. ಕ್ಯಾಮೆರಾದ ಕಾಳು ಕಾಳು ಗದ್ದಲ ಪ್ರತಿ ಫ್ರೇಮಿನಲ್ಲೂ ಬೇರೆ ಬೇರೆ ಕಡೆ ಇರುತ್ತದೆ, ಗ್ರಹದ ಪಟ್ಟೆ ಮಾತ್ರ ಇದ್ದಲ್ಲೇ ಇರುತ್ತದೆ. ಸರಾಸರಿಯಲ್ಲಿ ಗದ್ದಲ ಫ್ರೇಮ್‌ಗಳ ಸಂಖ್ಯೆಯ ವರ್ಗಮೂಲದಷ್ಟು ಕುಗ್ಗುತ್ತದೆ. 2,160 ಫ್ರೇಮಿಗೆ ಸುಮಾರು 46 ಪಟ್ಟು. ಮೂರು ನಿಮಿಷಕ್ಕಿಂತ ಹೆಚ್ಚು ಯಾಕೆ ತೆಗೆಯಲಿಲ್ಲ ಅಂದರೆ, ಗುರುಗ್ರಹ ಹತ್ತು ಗಂಟೆಯೊಳಗೆ ಒಂದು ಸುತ್ತು ತಿರುಗುತ್ತದೆ. ಮೂರು ನಿಮಿಷದಲ್ಲಿ ಅದರ ನಡುಭಾಗ ಸುಮಾರು 0.7 ಆರ್ಕ್ ಸೆಕೆಂಡ್ ಸರಿದಿರುತ್ತದೆ. ಅದಕ್ಕಿಂತ ಹೆಚ್ಚಾದರೆ ಗ್ರಹದ ತಿರುಗಾಟವೇ ಹೊಸ ಮಸುಕು. ಇದನ್ನೆಲ್ಲ ಮಾಡಲು ಆಟೊಸ್ಟ್ಯಾಕರ್ಟ್, ರೆಜಿಸ್ಟ್ಯಾಕ್ಸ್, ಸಿರಿಲ್ ಎಂಬ ಉಚಿತ ತಂತ್ರಾಂಶಗಳಿವೆ. ಹಳೇ ಲ್ಯಾಪ್‌ಟಾಪ್ ಸಾಕು.

ದೊಡ್ಡ ಕನ್ನಡಿಗಳಿಗೆ ಬೇರೆ ದಾರಿ ಬೇಕು. ತಮಿಳುನಾಡಿನ ಕಾವಲೂರಿನಲ್ಲಿ ಬೆಂಗಳೂರಿನ ಭಾರತೀಯ ಖಭೌತ ವಿಜ್ಞಾನ ಸಂಸ್ಥೆ ನಡೆಸುವ 2.34 ಮೀಟರ್ ವೈನು ಬಾಪು ದೂರದರ್ಶಕ ಸಿದ್ಧಾಂತದ ಪ್ರಕಾರ 0.06 ಆರ್ಕ್ ಸೆಕೆಂಡ್‌ವರೆಗೆ ಬಿಡಿಸಿ ನೋಡಬಲ್ಲದು. ಗಾಳಿ ಅದನ್ನು ಒಂದೆರಡು ಆರ್ಕ್ ಸೆಕೆಂಡಿಗೆ ಇಳಿಸುತ್ತದೆ. ಫ್ರಾನ್ಸಿನ ಆಂಟ್ವಾನ್ ಲಾಬೆರಿ 1970ರಲ್ಲಿ ತೋರಿಸಿದ ಉಪಾಯ ಇದಕ್ಕೆ ನೆರವಾಯಿತು: ಅತಿ ಚಿಕ್ಕ ಫ್ರೇಮ್‌ಗಳಲ್ಲಿ ನಕ್ಷತ್ರ ಒಂದು ಚೆಲ್ಲಿದ ಸಾಸಿವೆಯಂಥ ಚುಕ್ಕೆಗಳ ಗುಂಪಾಗಿ ಕಾಣುತ್ತದೆ, ಆ ಗುಂಪಿನೊಳಗೇ ಕನ್ನಡಿಯ ಪೂರ್ಣ ಸಾಮರ್ಥ್ಯದ ಮಾಹಿತಿ ಅಡಗಿರುತ್ತದೆ. ಎಸ್.ಕೆ. ಸಹಾ ಮತ್ತವರ ಸಹೋದ್ಯೋಗಿಗಳು ಕಾವಲೂರಿನಲ್ಲಿ ಈ ವಿಧಾನದಿಂದ ಜೋಡಿ ನಕ್ಷತ್ರಗಳನ್ನು ಬಿಡಿಸಿ ನೋಡುವ ಕೆಲಸ ಮಾಡಿದರು.

ಎರಡನೇ ಹೆಜ್ಜೆ: ಹರಡಿದ್ದನ್ನು ಹಿಂದಕ್ಕೆ ಒಟ್ಟುವುದು

ಪೇರಿಸಿದ ಮೇಲೂ ಚಿತ್ರ ಮೆತ್ತಗೇ ಇರುತ್ತದೆ. ಮುಂದಿನ ಹೆಜ್ಜೆಯ ಹೆಸರು ಡಿಕಾನ್ವಲ್ಯೂಷನ್. ಹೆಸರು ಕಷ್ಟ, ವಿಷಯ ಸುಲಭ. ಬೆಳಗಿನ ಜಾವ ಅಂಗಳದಲ್ಲಿ ಇಟ್ಟ ರಂಗೋಲಿ ಚುಕ್ಕಿಗಳ ಮೇಲೆ ಒಂದೇ ದಿಕ್ಕಿನಿಂದ ಗಾಳಿ ಬೀಸಿತು ಅನ್ನಿ. ಎಲ್ಲ ಚುಕ್ಕಿಗಳೂ ಒಂದೇ ರೀತಿ ಚದರುತ್ತವೆ. ಮೂಲೆಯಲ್ಲಿ ಒಂಟಿಯಾಗಿರುವ ಒಂದು ಚುಕ್ಕಿ ಹೇಗೆ ಚದರಿದೆ ಅಂತ ಗೊತ್ತಾದರೆ, ನಡುವಿನ ಗಿಜಿಗಿಜಿಯಲ್ಲಿ ಚುಕ್ಕಿಗಳು ಮೊದಲು ಎಲ್ಲಿದ್ದವು ಅಂತ ಲೆಕ್ಕ ಹಾಕಬಹುದು. ಆಕಾಶದಲ್ಲಿ ಆ ಒಂಟಿ ಚುಕ್ಕಿ ಅಂದರೆ ಒಂಟಿ ನಕ್ಷತ್ರ. ಖಗೋಳದವರಿಗೆ ಇರುವ ದೊಡ್ಡ ಅನುಕೂಲ ಇದೇ. ಮಸುಕಿನ ಆಕಾರವನ್ನು ಅಳೆಯುವ ಅಳತೆಗೋಲು ಚಿತ್ರದ ಒಳಗೇ ಇರುತ್ತದೆ.

ಪೆನ್ನು ಕಾಗದ ಹಿಡಿದರೆ ನೀವೇ ಮಾಡಿ ನೋಡಬಹುದು. ಸಾಲಾಗಿ ಐದು ಮನೆಗಳಿವೆ. ಎರಡನೇ ಮನೆಯಲ್ಲಿ ಒಂದು ನಕ್ಷತ್ರ, ನಾಲ್ಕನೇ ಮನೆಯಲ್ಲಿ ಇನ್ನೊಂದು, ಎರಡರ ಬೆಳಕೂ 100:

0, 100, 0, 100, 0

ಮಸುಕಿನ ನಿಯಮ: ಪ್ರತಿ ಮನೆಯ ಬೆಳಕಿನಲ್ಲಿ ಅರ್ಧ ಅಲ್ಲೇ ಉಳಿಯುತ್ತದೆ, ಕಾಲು ಭಾಗ ಎಡಕ್ಕೆ, ಕಾಲು ಭಾಗ ಬಲಕ್ಕೆ ಚೆಲ್ಲುತ್ತದೆ. ಆಗ ಕ್ಯಾಮೆರಾಗೆ ಕಾಣುವುದು:

25, 50, 50, 50, 25

ಎರಡು ನಕ್ಷತ್ರ ಮಾಯ, ಒಂದು ಅಗಲವಾದ ದಿಬ್ಬ ಅಷ್ಟೇ. ಈಗ ಹಿಂದಕ್ಕೆ ಬನ್ನಿ. ಮೊದಲ ಮನೆಯ ಎಡಕ್ಕೆ ಬೆಳಕೇ ಬಂದಿಲ್ಲ, ಹಾಗಾಗಿ ಮೊದಲ ಮನೆ ಖಾಲಿ. ಆದರೂ ಅಲ್ಲಿ 25 ಕಾಣುತ್ತಿದೆ, ಅಂದರೆ ಅದು ಎರಡನೇ ಮನೆಯ ಕಾಲು ಭಾಗ. ಎರಡನೇ ಮನೆಯಲ್ಲಿ 100 ಇರಬೇಕು. ಎರಡನೇ ಮನೆಯಲ್ಲಿ ಕಾಣುವ 50 ಅದರದೇ ಅರ್ಧ, ಆದ್ದರಿಂದ ಮೂರನೇ ಮನೆ ಖಾಲಿ. ಹೀಗೇ ಹೋದರೆ ನಾಲ್ಕರಲ್ಲಿ 100, ಐದರಲ್ಲಿ 0. ಎರಡು ನಕ್ಷತ್ರಗಳೂ ವಾಪಸ್ ಬಂದವು! ಇಲ್ಲಿ ನಾವು ಏನನ್ನೂ ಹೊಸದಾಗಿ ಸೇರಿಸಲಿಲ್ಲ. ಬೆಳಕು ಅಲ್ಲೇ ಇತ್ತು, ಜಾಗ ತಪ್ಪಿತ್ತು.

ಒಂದು ಅಂಕಿ ತಪ್ಪಿದರೆ

ಆದರೆ ಯಾವ ಕ್ಯಾಮೆರಾವೂ ಅಷ್ಟು ನಿಖರವಲ್ಲ. ಮೊದಲ ಮನೆಯಲ್ಲಿ 25ರ ಬದಲು 26 ಬಂತು ಅನ್ನಿ, ಬರೀ ಒಂದು ಹೆಚ್ಚು. ಉಳಿದದ್ದೆಲ್ಲ ಸರಿ. ಮತ್ತೆ ಅದೇ ಲೆಕ್ಕ ಮಾಡಿ: ಎರಡನೇ ಮನೆ 104, ಮೂರನೆಯದು ಸೊನ್ನೆಗಿಂತ 8 ಕಡಿಮೆ, ನಾಲ್ಕನೆಯದು 112, ಐದನೆಯದು ಸೊನ್ನೆಗಿಂತ 16 ಕಡಿಮೆ, ಆಮೇಲೆ ಏನೂ ಇಲ್ಲದ ಆರನೇ ಮನೆಯಲ್ಲಿ 20ರ ಒಂದು ಹೊಸ ನಕ್ಷತ್ರ.

ಒಂದು ಅಂಕಿಯ ತಪ್ಪು 4, 8, 12, 16, 20 ಅಂತ ಬಡ್ಡಿ ಬೆಳೆದ ಹಾಗೆ ಬೆಳೆದು, ಇಲ್ಲದ ನಕ್ಷತ್ರವನ್ನು ಹುಟ್ಟಿಸಿತು. ಜೊತೆಗೆ ಸೊನ್ನೆಗಿಂತ ಕಡಿಮೆ ಬೆಳಕು ಅನ್ನುವ ಅಸಂಬದ್ಧವನ್ನೂ ತಂದಿತು. ಚಿತ್ರ ತಿಳಿಗೊಳಿಸುವ ವಿದ್ಯೆಯ ಇಡೀ ಕಷ್ಟ ಇಷ್ಟರಲ್ಲೇ ಇದೆ. ಮಸುಕನ್ನು ಹಿಂತಿರುಗಿಸುವ ಗಣಿತ ಗದ್ದಲವನ್ನೂ ಹಿಗ್ಗಿಸುತ್ತದೆ. ಹಾಗಾಗಿ ಗಣಿತಕ್ಕೆ ಕಡಿವಾಣ ಹಾಕಬೇಕು. ಯಾವ ಕಡಿವಾಣ ಅನ್ನುವುದರ ಮೇಲೆ ಉತ್ತರ ನಿಂತಿದೆ.

ಹೆಚ್ಚು ಬಳಕೆಯಲ್ಲಿರುವ ಒಂದು ವಿಧಾನವನ್ನು ವಿಲಿಯಂ ರಿಚರ್ಡ್‌ಸನ್ 1972ರಲ್ಲಿ, ಲಿಯಾನ್ ಲೂಸಿ 1974ರಲ್ಲಿ ಬೇರೆ ಬೇರೆಯಾಗಿ ಕಂಡುಕೊಂಡರು. ಮೊದಲು ಒಂದು ಸಪಾಟು ಚಿತ್ರವನ್ನು ಊಹಿಸಿಕೊಳ್ಳಿ. ಅದಕ್ಕೆ ನೀವೇ ಮಸುಕು ಮಾಡಿ, ಬಂದದ್ದನ್ನು ಕ್ಯಾಮೆರಾದ ಚಿತ್ರಕ್ಕೆ ಹೋಲಿಸಿ. ಎಲ್ಲಿ ಕಡಿಮೆಯೋ ಅಲ್ಲಿ ಗುಣಿಸಿ ಹೆಚ್ಚಿಸಿ, ಎಲ್ಲಿ ಜಾಸ್ತಿಯೋ ಅಲ್ಲಿ ತಗ್ಗಿಸಿ. ಮತ್ತೆ ಮಸುಕು ಮಾಡಿ, ಮತ್ತೆ ಹೋಲಿಸಿ. ಗುಣಾಕಾರವಾದ್ದರಿಂದ ಬೆಳಕು ಸೊನ್ನೆಗಿಂತ ಕೆಳಗೆ ಹೋಗುವುದಿಲ್ಲ. ಇದರಲ್ಲಿ ಜಾಣತನ ಇರುವುದು ನಿಲ್ಲಿಸುವುದರಲ್ಲಿ. ಹತ್ತಿಪ್ಪತ್ತು ಸುತ್ತಿಗೆ ಚಂದ ಕಾಣುವ ಚಿತ್ರ, ನೂರಾರು ಸುತ್ತಿಗೆ ಜಲ್ಲಿ ಸುರಿದ ಹಾಗೆ ಆಗುತ್ತದೆ. ಪ್ರಕಾಶಮಾನ ನಕ್ಷತ್ರಗಳ ಸುತ್ತ ಸುಳ್ಳು ಉಂಗುರ ಮೂಡುತ್ತವೆ.

ರೇಡಿಯೊ ಖಗೋಳದಲ್ಲಿ ಸ್ವೀಡನ್ನಿನ ಯಾನ್ ಹೋಗ್ಬೊಮ್ 1974ರಲ್ಲಿ ಪ್ರಕಟಿಸಿದ 'ಕ್ಲೀನ್' ವಿಧಾನ ಅಕ್ಕಿಯಲ್ಲಿ ಕಲ್ಲು ಆರಿಸುವ ಹಾಗೆ. ಅತಿ ಪ್ರಕಾಶದ ಚುಕ್ಕಿ ಹುಡುಕು, ಅದರ ಹರಡುವಿಕೆಯ ಒಂದು ಪಾಲನ್ನು ಚಿತ್ರದಿಂದ ಕಳೆ, ಜಾಗ ಬರೆದಿಟ್ಟುಕೋ, ಮುಂದಿನದಕ್ಕೆ ಹೋಗು. ಕೊನೆಗೆ ಬರೆದಿಟ್ಟ ಚುಕ್ಕಿಗಳಿಂದ ಚಿತ್ರ ಕಟ್ಟು.

ಬೆಂಗಳೂರಿನಿಂದ ಬಂದ ಒಂದು ಎಚ್ಚರಿಕೆ

ಮೂರನೇ ದಾರಿ 'ಗರಿಷ್ಠ ಎಂಟ್ರಪಿ'. ದತ್ತಾಂಶಕ್ಕೆ ಹೊಂದುವ ಚಿತ್ರ ಒಂದೇ ಇರುವುದಿಲ್ಲ, ಅಸಂಖ್ಯಾತ ಇರುತ್ತವೆ. ಅವುಗಳಲ್ಲಿ ಯಾವುದನ್ನು ಆರಿಸಬೇಕು? ಎಂಟ್ರಪಿ ಎಂಬ ಒಂದು ಅಳತೆ ಯಾವುದಕ್ಕೆ ಅತಿ ಹೆಚ್ಚೋ ಅದನ್ನು, ಅಂದರೆ ಅನಗತ್ಯ ಏರಿಳಿತ ಅತಿ ಕಡಿಮೆ ಇರುವುದನ್ನು ಆರಿಸು ಅನ್ನುತ್ತದೆ ಈ ವಿಧಾನ. ಈ ಅಳತೆಗೆ ಆಳವಾದ ತಾತ್ವಿಕ ಕಾರಣವಿದೆ, ಇದೇ ಸರಿಯಾದ ಉತ್ತರ ಎಂಬ ವಾದವೂ ಆಗ ಇತ್ತು.

ಬೆಂಗಳೂರಿನ ರಾಮನ್ ಸಂಶೋಧನಾ ಸಂಸ್ಥೆಯಲ್ಲಿದ್ದ ರಾಜಾರಾಮ್ ನಿತ್ಯಾನಂದ ಮತ್ತು ರಮೇಶ್ ನಾರಾಯಣ್ 1982ರಲ್ಲಿ, ಭಾರತೀಯ ವಿಜ್ಞಾನ ಅಕಾಡೆಮಿಯ ಖಗೋಳ ಪತ್ರಿಕೆಯಲ್ಲಿ ಇದನ್ನು ನೆಲಕ್ಕೆ ಇಳಿಸಿದರು. ಎಂಟ್ರಪಿ ಅನ್ನುವ ಹೆಸರಿಗೆ ಮಹಿಮೆ ಇಲ್ಲ. ಆರಿಸಿಕೊಂಡ ಸೂತ್ರದ ಗಣಿತ ಗುಣಗಳೇ ಕೆಲಸ ಮಾಡುವುದು, ಅಂಥ ಗುಣವಿರುವ ಬೇರೆ ಸೂತ್ರಗಳೂ ಅದೇ ಕೆಲಸ ಮಾಡುತ್ತವೆ ಎಂದು ತೋರಿಸಿದರು. ಬೆಳಕು ಋಣವಾಗದಂತೆ ನೋಡಿಕೊಳ್ಳುವುದು, ತಳವನ್ನು ಸಪಾಟಾಗಿಸಿ ಶಿಖರಗಳನ್ನು ಚೂಪಾಗಿಸುವುದು, ಇವು ನಾವು ಹಾಕಿದ ಷರತ್ತಿನಿಂದ ಬರುತ್ತವೆ. 1986ರಲ್ಲಿ ಇಬ್ಬರೂ ಬರೆದ ವಿಸ್ತಾರವಾದ ಪರಾಮರ್ಶೆ 'ಆನ್ಯುಯಲ್ ರಿವ್ಯೂ ಆಫ್ ಆಸ್ಟ್ರಾನಮಿ ಆಂಡ್ ಆಸ್ಟ್ರೊಫಿಸಿಕ್ಸ್'ನಲ್ಲಿ ಬಂತು.

ನನಗೆ ಇದರಲ್ಲಿ ಗಣಿತಕ್ಕಿಂತ ದೊಡ್ಡ ಪಾಠ ಕಾಣುತ್ತದೆ. ಸ್ಪಷ್ಟವಾದ ಪ್ರತಿ ಚಿತ್ರದಲ್ಲೂ ಎರಡು ಪಾಲು ಇರುತ್ತದೆ: ಕ್ಯಾಮೆರಾ ಕಂಡದ್ದು ಒಂದು, ನಾವು ನಂಬಿಕೊಂಡದ್ದು ಇನ್ನೊಂದು. ಎರಡನೆಯದನ್ನು ಬಾಯಿಬಿಟ್ಟು ಹೇಳಿದರೆ ಅದು ವಿಜ್ಞಾನ, ಮುಚ್ಚಿಟ್ಟರೆ ಮೋಸ.

ಲೆಕ್ಕಕ್ಕೆ ದಕ್ಕದ್ದು

ಮಿತಿ ಎಲ್ಲಿದೆ ಅಂತ ಜಗತ್ತಿಗೆ ಕಲಿಸಿದ್ದು ಹಬಲ್. 1990ರ ಏಪ್ರಿಲ್ 24ರಂದು ಹಾರಿದ ಅದರ 2.4 ಮೀಟರ್ ಕನ್ನಡಿಯ ಅಂಚು ಸುಮಾರು 2.2 ಮೈಕ್ರಾನ್‌ನಷ್ಟು, ಕೂದಲಿನ ದಪ್ಪದ ಐವತ್ತನೇ ಒಂದು ಭಾಗದಷ್ಟು ಹೆಚ್ಚು ಉಜ್ಜಿಹೋಗಿತ್ತು. ನಕ್ಷತ್ರದ ಬೆಳಕಿನ ಶೇ. 70ರಷ್ಟು ನಡುವಿನ ಚುಕ್ಕಿಯಲ್ಲಿ ಕೂಡಬೇಕಿದ್ದದ್ದು ಶೇ. 15ರ ಆಸುಪಾಸಿಗೆ ಇಳಿದಿತ್ತು. ದೋಷದ ಆಕಾರ ನಿಖರವಾಗಿ ಗೊತ್ತಿದ್ದರಿಂದ ಮೂರೂವರೆ ವರ್ಷ ಡಿಕಾನ್ವಲ್ಯೂಷನ್ ಮಾಡಿಯೇ ಕೆಲಸ ಸಾಗಿಸಿದರು. ಗ್ರಹಗಳು, ಪ್ರಕಾಶದ ನಕ್ಷತ್ರಗಳು ಚೆನ್ನಾಗಿಯೇ ಬಂದವು. ಆದರೆ ಮಂಕಾದ ಗೆಲಾಕ್ಸಿಗಳ ಬೆಳಕು ಹರಡಿ ಗದ್ದಲದೊಳಗೆ ಮುಳುಗಿತ್ತು. ಅದನ್ನು ಯಾವ ಗಣಿತವೂ ಎತ್ತಲಿಲ್ಲ. 1993ರ ಡಿಸೆಂಬರಿನಲ್ಲಿ ಗಗನಯಾತ್ರಿಗಳು ಹೋಗಿ ಸರಿಪಡಿಸುವ ಕನ್ನಡಿಗಳನ್ನು ಕೂರಿಸಬೇಕಾಯಿತು.

ನಮ್ಮ ಹೊಸಕೋಟೆಯ ಉದಾಹರಣೆ ಇದಕ್ಕೆ ಎದುರಿನದು. 2015ರ ಸೆಪ್ಟೆಂಬರ್ 28ರಂದು ಹಾರಿದ ಆಸ್ಟ್ರೊಸ್ಯಾಟ್‌ನಲ್ಲಿರುವ ಅತಿನೇರಳೆ ದೂರದರ್ಶಕ ಯುವಿಟ್ ಜೋಡಣೆಯಾದದ್ದು ಅಲ್ಲಿನ ಖಭೌತ ಸಂಸ್ಥೆಯ ಆವರಣದಲ್ಲಿ. ಉಪಗ್ರಹ ಸದಾ ಸ್ವಲ್ಪ ಓಲಾಡುತ್ತಲೇ ಇರುತ್ತದೆ. ಶಟರ್ ತೆರೆದಿಟ್ಟರೆ ನಕ್ಷತ್ರಗಳು ಗೆರೆಗಳಾಗುತ್ತವೆ. ಅದಕ್ಕೇ ಅದು ಸೆಕೆಂಡಿಗೆ ಸುಮಾರು 29 ಬಾರಿ, ಬಿದ್ದ ಒಂದೊಂದು ಬೆಳಕಿನ ಕಣದ ಜಾಗವನ್ನೂ ಬರೆದಿಟ್ಟುಕೊಳ್ಳುತ್ತದೆ. ಓಲಾಟ ಎಷ್ಟು ಅಂತ ನಕ್ಷತ್ರಗಳಿಂದಲೇ ಅಳೆದು, ಭೂಮಿಯ ಮೇಲೆ ಕಂಪ್ಯೂಟರಿನಲ್ಲಿ ಪ್ರತಿ ಕಣವನ್ನೂ ಅದರ ಸರಿಯಾದ ಜಾಗಕ್ಕೆ ಸರಿಸುತ್ತಾರೆ. 37.5 ಸೆಂಟಿಮೀಟರ್ ಕನ್ನಡಿಯಿಂದ 1.5 ಆರ್ಕ್ ಸೆಕೆಂಡಿಗಿಂತ ಚೂಪಾದ ಚಿತ್ರ ಸಿಗುತ್ತಿರುವುದು ಹೀಗೆ. ಕಳೆದುಹೋಗುವ ಮೊದಲೇ ಬರೆದಿಟ್ಟುಕೊಂಡರೆ ಮಾತ್ರ ಆಮೇಲೆ ಸರಿಪಡಿಸಬಹುದು.

ಉಂಗುರ ನಿಜವಾ ಅಂತ ಪರೀಕ್ಷಿಸಿದ್ದು

2019ರ ಏಪ್ರಿಲ್ 10ರಂದು ಎಂ87 ಗೆಲಾಕ್ಸಿಯ ಕಪ್ಪುಕುಳಿಯ ಚಿತ್ರ ಬಂತಲ್ಲ, ಆ ಕಿತ್ತಳೆ ಉಂಗುರ. ಭೂಮಿಯ ಉದ್ದಗಲದ ಕೆಲವೇ ರೇಡಿಯೊ ದೂರದರ್ಶಕಗಳ ಅರೆಬರೆ ದತ್ತಾಂಶದಿಂದ ಕಟ್ಟಿದ್ದು ಅದು. ಉಂಗುರದ ಅಗಲ ಸುಮಾರು 42 ಮೈಕ್ರೊ ಆರ್ಕ್ ಸೆಕೆಂಡ್. ಇಷ್ಟು ಕಡಿಮೆ ಮಾಹಿತಿಯಿಂದ ಕಟ್ಟುವಾಗ, ನಾವು ಉಂಗುರ ಬೇಕು ಅಂದುಕೊಂಡಿದ್ದಕ್ಕೇ ಉಂಗುರ ಬಂತೇ ಎಂಬ ಅನುಮಾನ ಸಹಜ. ಅದಕ್ಕೇ ನಾಲ್ಕು ತಂಡಗಳು ಪರಸ್ಪರ ಮಾತಾಡದೆ ಬೇರೆ ಬೇರೆಯಾಗಿ ಚಿತ್ರ ಕಟ್ಟಿದವು. ಕೆಲವರು ಹೋಗ್ಬೊಮ್‌ರ 'ಕ್ಲೀನ್' ಬಳಸಿದರೆ, ಕೆಲವರು ಗರಿಷ್ಠ ಎಂಟ್ರಪಿಯ ಬಳಗಕ್ಕೆ ಸೇರಿದ ವಿಧಾನ ಬಳಸಿದರು. ಆಮೇಲೆ ಅದೇ ತಂತ್ರಾಂಶಕ್ಕೆ ಉಂಗುರವೇ ಅಲ್ಲದ ನಕಲಿ ದತ್ತಾಂಶ, ಉದಾಹರಣೆಗೆ ತುಂಬಿದ ತಟ್ಟೆಯ ಆಕಾರ ಕೊಟ್ಟು, ಅದು ತಟ್ಟೆಯನ್ನು ತಟ್ಟೆ ಅಂತಲೇ ತೋರಿಸುತ್ತದಾ ಅಂತ ನೋಡಿದರು. ತೋರಿಸಿದ ಮೇಲೆಯೇ ಉಂಗುರವನ್ನು ನಂಬಿದ್ದು. ರಮೇಶ್ ನಾರಾಯಣ್ ಈ ದೊಡ್ಡ ಬಳಗದಲ್ಲೂ ಇದ್ದಾರೆ.

2023ರಲ್ಲಿ ಅದೇ ದತ್ತಾಂಶಕ್ಕೆ ಯಂತ್ರಕಲಿಕೆ ಬಳಸಿ ಇನ್ನೂ ತೆಳುವಾದ ಉಂಗುರದ ಚಿತ್ರ ಬಂತು. 30,000ಕ್ಕೂ ಹೆಚ್ಚು ಕೃತಕ ಕಪ್ಪುಕುಳಿ ಚಿತ್ರಗಳಿಂದ ತರಬೇತಿ ಕೊಟ್ಟಿದ್ದೇವೆ ಅಂತ ಅದನ್ನು ಮಾಡಿದವರು ಮೊದಲೇ ಹೇಳಿದರು. ಆ ಚಿತ್ರವನ್ನು ಎಷ್ಟು ನಂಬಬೇಕು ಅಂತ ತೂಗಿ ನೋಡಲು ಓದುಗರಿಗೆ ಕೈಯಲ್ಲಿ ಏನೋ ಒಂದು ಇದೆ.

ಫೋನುಗಳ ಕಥೆ ಹಾಗಲ್ಲ. ನಮ್ಮ ಮೈದಾನದಲ್ಲೇ ಹುಡುಗನೊಬ್ಬ "ಸಾರ್, ನಿಮ್ಮ ಟೆಲಿಸ್ಕೋಪಿಗಿಂತ ನಮ್ಮಣ್ಣನ ಫೋನೇ ಚಂದ್ರನ್ನ ಚೆನ್ನಾಗಿ ತೋರಿಸ್ತದೆ" ಅಂದಿದ್ದ. ಅದೇ 2023ರಲ್ಲಿ ಯಾರೋ ಒಬ್ಬರು ಚಂದ್ರನ ಚಿತ್ರವನ್ನು ಬೇಕಂತಲೇ ಮಸುಕು ಮಾಡಿ ಕಂಪ್ಯೂಟರ್ ಪರದೆ ಮೇಲೆ ಹಾಕಿ, ದೂರ ನಿಂತು ಹೆಸರಾಂತ ಫೋನೊಂದರಲ್ಲಿ ಫೋಟೊ ತೆಗೆದರು. ಮಸುಕು ಚಿತ್ರದಲ್ಲಿ ಇಲ್ಲವೇ ಇಲ್ಲದ ಕುಳಿಗಳು ಫೋನಿನ ಚಿತ್ರದಲ್ಲಿದ್ದವು. ಫೋನ್ ಚಂದ್ರನನ್ನು ನೋಡಿರಲಿಲ್ಲ, ನೆನಪು ಮಾಡಿಕೊಂಡಿತ್ತು. ಚಂದ್ರನ ವಿಷಯದಲ್ಲಿ ನೆನಪು ಸರಿ ಇರುತ್ತದೆ, ಯಾಕೆಂದರೆ ಅವನ ಮುಖ ಒಂದೇ. ಮನುಷ್ಯರ ಮುಖ ಹಾಗಲ್ಲ.

ಅಂಗಳದ ಮುಖ

ಬೆಳೆಗಾರರು ಕಳಿಸಿದ ವಿಡಿಯೊ ತೆರೆದು ನೋಡಿದೆ. ಮುಖ ಅಂತ ಇದ್ದದ್ದು ಅಡ್ಡ 12, ಉದ್ದ 15 ಪಿಕ್ಸೆಲ್, ಒಟ್ಟು 180 ಚೌಕ. ಅದೂ ರಾತ್ರಿಯ ಕಪ್ಪುಬಿಳುಪು. ಫೈಲ್ ಚಿಕ್ಕದಾಗಲಿ ಅಂತ ರೆಕಾರ್ಡರ್ ಸಣ್ಣ ವಿವರಗಳನ್ನು ಮೊದಲೇ ಬಿಸಾಡಿತ್ತು. ಆಸಾಮಿ ನಡೆಯುತ್ತ, ಕತ್ತು ತಿರುಗಿಸುತ್ತ ಹೋಗಿದ್ದ. ಗುರುಗ್ರಹಕ್ಕೆ ನನ್ನ ಹತ್ತಿರ ಒಂದೇ ಮುಖದ 2,160 ಫ್ರೇಮ್ ಇತ್ತು, ಇಲ್ಲಿ ಒಂದೇ ಭಂಗಿಯ ಎರಡು ಫ್ರೇಮೂ ಇರಲಿಲ್ಲ. ಮಸುಕಿನ ಆಕಾರ ಹೇಳುವ ಒಂಟಿ ನಕ್ಷತ್ರವೂ ಇರಲಿಲ್ಲ. ದೂರ ಮೂವತ್ತು ಅಡಿಯೋ ಅರವತ್ತು ಕೋಟಿ ಕಿಲೋಮೀಟರೋ ಅನ್ನುವುದು ಮುಖ್ಯವಲ್ಲ, ಎಷ್ಟು ಮಾಹಿತಿ ಬರೆದಿಟ್ಟಿದೆ ಅನ್ನುವುದು ಮುಖ್ಯ.

ಇದನ್ನು ಬಾಯಲ್ಲಿ ಹೇಳಿದರೆ ನಂಬಲಿಕ್ಕಿಲ್ಲ ಅನಿಸಿ, ಅವರನ್ನೇ ಕೂರಿಸಿಕೊಂಡೆ. ಮುಖ ಸ್ಪಷ್ಟ ಮಾಡುತ್ತೇವೆ ಅನ್ನುವ ಒಂದು ಎಐ ಆ್ಯಪಿಗೆ ಅದೇ ಫ್ರೇಮನ್ನು ಮೂರು ಬಾರಿ, ಅಳತೆ ಸ್ವಲ್ಪ ಸ್ವಲ್ಪ ಬದಲಿಸಿ ಕೊಟ್ಟೆ. ಮೂರು ಸಲವೂ ರೆಪ್ಪೆ ಎಣಿಸುವಷ್ಟು ಸ್ಪಷ್ಟವಾದ ಮುಖ ಬಂತು. ಮೂರೂ ಬೇರೆ ಬೇರೆ ಜನ. ಒಂದಕ್ಕೆ ಮೀಸೆ ಇತ್ತು, ಒಂದಕ್ಕೆ ಇರಲಿಲ್ಲ. ಎರಡನೆಯದನ್ನು ನೋಡಿ ಅವರು "ಇವನೇ ಸಾರ್, ನಾನು ಹೇಳಿದ್ದು" ಅಂದಿದ್ದರು. ಮೂರನೆಯದು ಬಂದ ಮೇಲೆ ಸುಮ್ಮನಾದರು. ಎರಡಕ್ಕೇ ನಿಲ್ಲಿಸಿದ್ದರೆ, ಅವರ ಅಂಗಳದಲ್ಲಿ ಕೂಲಿ ಮಾಡುವ ಒಬ್ಬ ಹುಡುಗನ ಹೆಸರು ಅವತ್ತು ಸಂಜೆಯೊಳಗೆ ಹತ್ತು ಗುಂಪುಗಳಲ್ಲಿ ಓಡಾಡಿರುತ್ತಿತ್ತು.

ಆ ವಿಡಿಯೊದಲ್ಲಿ ನಿಜವಾಗಿಯೂ ತಿಳಿಗೊಳಿಸಬಹುದಾದದ್ದು ಒಂದಿತ್ತು. ಗೇಟಿನ ಹತ್ತಿರ ನಲವತ್ತು ಸೆಕೆಂಡ್ ಅಲುಗಾಡದೆ ನಿಂತಿದ್ದ ಲಗೇಜ್ ಆಟೊ. ಅದರ ಫ್ರೇಮ್‌ಗಳನ್ನು ಗುರುಗ್ರಹದ ಹಾಗೇ ಪೇರಿಸಿದೆ. ನಂಬರ್ ಪ್ಲೇಟಿನ ಕೊನೆಯ ಎರಡು ಅಂಕಿ ಮಸುಕಾಗಿ ಎದ್ದು ಬಂದವು. "ಮೊದಲನೆಯದು 4 ಅನಿಸುತ್ತದೆ, ಎರಡನೆಯದು 7 ಇರಬಹುದು, 1 ಕೂಡ ಆಗಿರಬಹುದು, ಇಷ್ಟು ಫ್ರೇಮ್ ಹೀಗೆ ಪೇರಿಸಿದ್ದೇನೆ" ಅಂತ ಚೀಟಿಯಲ್ಲಿ ಬರೆದುಕೊಟ್ಟು, ಪೊಲೀಸರಿಗೆ ಮೂಲ ವಿಡಿಯೊವನ್ನೇ ಕೊಡಿ, ನಾನು ಮಾಡಿದ್ದನ್ನು ಅದರ ಜೊತೆಗಷ್ಟೇ ಇಡಿ ಅಂದೆ.

"ಇಷ್ಟೇನಾ ಸಾರ್?" ಅಂದರು.

ಇಷ್ಟೇ. ಮುಂದೆ ಯಾರಾದರೂ ನಿಮಗೆ ತಿಳಿಗೊಳಿಸಿದ ಚಿತ್ರ ತೋರಿಸಿದರೆ, ಅದು ಗ್ರಹದ್ದಾಗಲಿ ಮನುಷ್ಯನದ್ದಾಗಲಿ, ಮೂರು ವಿಷಯ ಕೇಳಿ. ಮೂಲ ಚಿತ್ರ ಎಲ್ಲಿದೆ? ಮಸುಕಿನ ಆಕಾರ ನಿಮಗೆ ಹೇಗೆ ಗೊತ್ತಾಯಿತು? ಇನ್ನೊಬ್ಬರು ಇನ್ನೊಂದು ವಿಧಾನದಲ್ಲಿ ಮಾಡಿದರೆ ಇದೇ ಬರುತ್ತದಾ? ಮೂರಕ್ಕೂ ಉತ್ತರ ಇಲ್ಲದಿದ್ದರೆ ಅದನ್ನು ಮುಂದಕ್ಕೆ ಕಳಿಸಬೇಡಿ.